ಹಲ್ಲಿಗೆ ಅಂಜುತ್ತಿದ್ದ ಪ್ರಾಣಿಶಾಸ್ತ್ರದ ಮೇಡಂ

ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಹಲ್ಲಿಗೆ ಅಂಜುತ್ತಿದ್ದರು. ಗದಗಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಟ್ಯೂಬ್‌ಲೈಟಿನ ಹಿಂದೆ ಒಂದು ದಪ್ಪ ಹಲ್ಲಿ ಇತ್ತು. ಅದು ಹೊರಗೆ ಬಂತೆಂದರೆ ಮೇಡಂ ಮಾತು ನಿಲ್ಲಿಸಿ, ಬಾಗಿಲ ಹತ್ತಿರ ಸರಿದು, ಅಲ್ಲಿಂದ ಪಾಠ ಮುಂದುವರಿಸುತ್ತಿದ್ದರು. ಬಾಟಲಿಯೊಳಗಿನ ಹಾವನ್ನು ಎತ್ತಿ ಹಿಡಿದು ತೋರಿಸುವ ಹೆಂಗಸು ಹಲ್ಲಿಗೆ ಯಾಕೆ ಅಂಜುತ್ತಾರೆಂದು ನಾವು ನಗುತ್ತಿದ್ದೆವು. “ಹಾವು ಸತ್ತದ, ಹಲ್ಲಿ ಬದುಕ್ಯದ,” ಎಂದು ಅವರು ಗಂಭೀರವಾಗಿಯೇ ಹೇಳುತ್ತಿದ್ದರು.

ಹಲ್ಲಿ ಒಂದೇ ಅಲ್ಲ. ಗುಡುಗು, ಬೀದಿಯ ಗೂಳಿ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನು, ಪ್ರಿನ್ಸಿಪಾಲರ ಕರೆ, ಎಲ್ಲಕ್ಕೂ ಅಂಜುತ್ತಿದ್ದರು. ಮಾರ್ಕೆಟ್ಟಿನ ರಸ್ತೆ ದಾಟುವುದಿದ್ದರೆ ನಮ್ಮ ಗುಂಪು ಬರುವವರೆಗೆ ನಿಂತು, ನಡುವೆ ಸೇರಿಕೊಂಡು ದಾಟುತ್ತಿದ್ದರು. ಬೆಟಗೇರಿಯ ಬಾಡಿಗೆ ಮನೆಯಿಂದ ಹೊರಟರೆ ಓಣಿಯ ತುದಿಗೆ ಬಂದು, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ವಾಪಸ್ಸು ಹೋಗುತ್ತಿದ್ದರು. ಪರೀಕ್ಷೆಯ ಕೋಣೆಯಲ್ಲಿ ಚೀಟಿ ತಂದ ಹುಡುಗರಿಗಿಂತ ಅವರ ಕಾಲೇ ಹೆಚ್ಚು ನಡುಗುತ್ತಿತ್ತು. ಯಾರನ್ನಾದರೂ ಹಿಡಿಯಬೇಕಾಗಿ ಬಂದೀತಲ್ಲ ಎಂಬ ಅಂಜಿಕೆ. ತಮ್ಮ ಹೆಸರು ಅಚ್ಚಿನಲ್ಲಿ ಕಂಡರೆ ಅದಕ್ಕೂ ಅಂಜುವವರೇ. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಆದರೂ ಆ ಅಂಜಿಕೆಯ ಸಲುವಾಗಿ ಹೆಸರು ಹೇಳದೆ ಬರೆಯುತ್ತಿದ್ದೇನೆ.

ಅಂಜಿಕೆಯೇ ಇಲ್ಲದೆ ಅವರು ಹೇಳುತ್ತಿದ್ದ ಪಾಠ ಒಂದಿತ್ತು. ಗಂಡು ಹೆಣ್ಣನ್ನು ನಿರ್ಧರಿಸುವ ವರ್ಣತಂತುಗಳ ಪಾಠ. ಪುಸ್ತಕದಲ್ಲಿ ಅದು ಒಂದೆರಡು ಪುಟ ಇದ್ದೀತು, ಮೇಡಂ ವಾರಗಟ್ಟಲೆ ಎಳೆಯುತ್ತಿದ್ದರು. ಧಾರವಾಡದಲ್ಲಿ ಓದುವಾಗ ಎರೆಹೊಲದ ಇಲಿಗಳ ವರ್ಣತಂತು ನೋಡುವುದೇ ಅವರ ಕೆಲಸವಾಗಿತ್ತಂತೆ. ಮುಂದೆ ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ ಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡುವ ಆಸೆ ಇತ್ತು. ಆದರೆ ಅವು ಇರುವ ದೇಶಕ್ಕೆ ವಿಮಾನದಲ್ಲಿ ಹೋಗಬೇಕು. “ಬಸ್ಸಿಗೇ ಅಂಜ್ತೀನಿ ನಾ,” ಎಂದು ನಗುತ್ತಿದ್ದರು. ಬೋರ್ಡಿನ ಮೇಲೆ ಕಾಂಗರೂ ಬರೆಯುತ್ತಿದ್ದರು. ಅದು ಹಿಂಗಾಲ ಮೇಲೆ ಎದ್ದುನಿಂತ ಕತ್ತೆಯಂತೆ ಕಾಣುತ್ತಿತ್ತು. ನಾವು ನಕ್ಕರೆ ಅವರಿಗೆ ಅದು ಕೇಳಿಸುತ್ತಲೂ ಇರಲಿಲ್ಲ.

ಎಕ್ಸ್ ಮತ್ತು ವೈ ಒಂದು ಕಾಲಕ್ಕೆ ಸರಿಸಮಾನ ಜೋಡಿಯಾಗಿದ್ದವು ಎಂದು ಶುರುಮಾಡುವರು. ಯಾವುದೋ ಹಳೆಯ ಕಾಲದ ಪುಟ್ಟ ಪ್ರಾಣಿಯಲ್ಲಿ ಒಂದರ ಮೇಲೆ ‘ವೃಷಣ ಬೆಳೆಸು’ ಎನ್ನುವ ಜೀನು ಹುಟ್ಟಿತು. ಆಮೇಲೆ ಆ ಎರಡರ ನಡುವೆ ತುಣುಕುಗಳ ಕೊಡುಕೊಳ್ಳುವಿಕೆ ನಿಂತಿತು. ನಿಂತದ್ದೇ ವೈ ಸವೆಯತೊಡಗಿತು. ಇದೆಲ್ಲ ಆದದ್ದು ನಾವೂ ಕಾಂಗರೂಗಳೂ ಬೇರೆಯಾಗುವ ಮೊದಲೇ. ಹಾಗಾಗಿ ಅವುಗಳ ಎಕ್ಸ್ ವೈ, ನಮ್ಮ ಎಕ್ಸ್ ವೈ ಒಂದೇ ಮನೆತನದವು. ನಮ್ಮ ಎಕ್ಸಿಗೆ ಮಾತ್ರ ಆಮೇಲೆ ಬೇರೆ ಕಡೆಯ ತುಂಡೊಂದು ಬಂದು ಸೇರಿಕೊಂಡಿತು. ಅವುಗಳದು ಹಳೆಯ ಅಳತೆಯಲ್ಲೇ ಉಳಿಯಿತು. ಮೊಟ್ಟೆ ಇಟ್ಟು ಹಾಲೂಡಿಸುವ ಪ್ಲ್ಯಾಟಿಪಸ್ಸಿಗೆ ಅಂಥ ವರ್ಣತಂತು ಹತ್ತು ಇವೆ, ಅವು ಹಕ್ಕಿಗಳವಕ್ಕೆ ಹತ್ತಿರ. ಹೀಗೆ ಹೇಳುತ್ತ ಹೋದಂತೆ ಮೇಡಮ್ಮರ ದನಿ ಕಾರಿಡಾರಿನ ಆ ತುದಿಗೆ ಕೇಳುವಷ್ಟು ಏರುತ್ತಿತ್ತು. ಪಾಠದ ಕೊನೆಯ ದಿನ ಬೆಲ್ ಬಾರಿಸಿದ ಮೇಲೆ ಸೀರೆಯ ಸೆರಗಿನ ಸೀಮೆಸುಣ್ಣ ಕೊಡವಿಕೊಳ್ಳುತ್ತ, “ಆತು. ಗಂಡು ಅಂದ್ರ ಎಕ್ಸ್ ವೈ, ಹೆಣ್ಣು ಅಂದ್ರ ಎಕ್ಸ್ ಎಕ್ಸ್. ಪರೀಕ್ಷಾಕ್ಕ ಇಷ್ಟು ಸಾಕು,” ಎಂದು ಮುಗಿಸಿದರು. ನಾನೂ ಅದನ್ನೇ ಬರೆದು ಚಲೋ ಅಂಕ ತಗೊಂಡೆ.

ಆಗ ನನಗೆ ಹತ್ತೊಂಬತ್ತು. ನಮ್ಮದು ಲಕ್ಷ್ಮೇಶ್ವರದ ಪಿಂಜಾರರ ಮನೆ. ಅಪ್ಪ ಗಾದಿ ತುಂಬುವ ಅಂಗಡಿ ಇಟ್ಟಿದ್ದ. ನಾನು ದಿನಾ ಬಸ್ಸಿನಲ್ಲಿ ಗದಗಕ್ಕೆ ಬಂದು ಹೋಗುತ್ತಿದ್ದೆ. ನನಗೆ ಇನ್ನೂ ಮುಟ್ಟು ಬಂದಿರಲಿಲ್ಲ. ಓಣಿಯವರು ಕೇಳಿದರೆ ಅವ್ವ ಏನೇನೋ ಹೇಳಿ ತೇಲಿಸುತ್ತಿದ್ದಳು. ಶಿರಹಟ್ಟಿಯ ಕಡೆಯಿಂದ ಸಂಬಂಧವೊಂದು ಬಂದಾಗ ಅವಳಿಗೆ ಅಂಜಿಕೆ ಹತ್ತಿತು. ಮಾತು ಮುಂದೆ ಹೋಗುವ ಮೊದಲು ತೋರಿಸಿಬಿಡೋಣ ಎಂದು ಗದಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಸ್ಕ್ಯಾನ್ ಮಾಡಿದ ಹೆಂಗಸು ಯಂತ್ರವನ್ನು ಹೊಟ್ಟೆಯ ಮೇಲೆ ಮತ್ತೆ ಮತ್ತೆ ಆಡಿಸಿ, ಹೊರಗೆ ಹೋಗಿ ಡಾಕ್ಟರನ್ನು ಕರೆತಂದಳು. ಗರ್ಭಚೀಲ ಕಾಣುತ್ತಿಲ್ಲ ಅಂದರು. ಹುಬ್ಬಳ್ಳಿಗೆ ಹೋಗಿ ರಕ್ತ ಕೊಟ್ಟು ಬಂದೆವು.

ಫಲಿತಾಂಶಕ್ಕೆ ಕಾದ ವಾರಗಳಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನನಗೆ ಏನೋ ದೊಡ್ಡ ರೋಗ ಬಂದಿದೆ, ಸಾಯುತ್ತೇನೆ ಎಂದುಕೊಂಡಿದ್ದೆ. ಹುಬ್ಬಳ್ಳಿಯ ಡಾಕ್ಟರು ವಯಸ್ಸಾದವರು, ಮೆತ್ತನೆಯ ಮಾತಿನವರು. ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸುತ್ತ, “ವರ್ಣತಂತು ಎಕ್ಸ್ ವೈ ಅಂತ ಬಂದಾವ,” ಎಂದರು.

ಅವ್ವನಿಗೆ ಅವು ಬರೀ ಇಂಗ್ಲಿಷ್ ಅಕ್ಷರಗಳು. ನನ್ನ ಕಡೆ ತಿರುಗಿ, “ಏನಂತವ್ವಾ?” ಎಂದಳು. ನನ್ನ ಬಾಯಿ ಒಣಗಿತ್ತು. ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು, ಗಾಬರಿ ಆಗಬೇಡಿ, ಮತ್ತೊಮ್ಮೆ ಬರ್ರಿ, ಆಪರೇಷನ್ ಬಗ್ಗೆ ಮಾತಾಡೋಣ ಎಂದೆಲ್ಲ. ನನಗೆ ಬೋರ್ಡಿನ ಮೇಲೆ ಸೀಮೆಸುಣ್ಣ ಎಳೆದ ಸಪ್ಪಳ, ಮೇಡಮ್ಮರ ದನಿ ಬಿಟ್ಟು ಮತ್ತೇನೂ ಕೇಳಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ಕೈಗಳನ್ನೇ ನೋಡುತ್ತ ಕೂತೆ. ಬೆರಳು ದಪ್ಪ ಇವೆಯೇನು, ದನಿ ಹೇಗಿದೆ, ಪಕ್ಕದಲ್ಲಿ ಕೂತವಳಿಗೆ ಗೊತ್ತಾಗುತ್ತದೇನು. ಹೆಂಗಸರ ಸೀಟಿನಲ್ಲಿ ಕೂತಿದ್ದೆ. ಎದ್ದು ನಿಲ್ಲಬೇಕೇನೋ ಅನಿಸಿತು. ಅವ್ವ ಎರಡು ಸಲ ಕೇಳಿದಳು. “ರಕ್ತ ಕಡಿಮಿ ಐತಂತ,” ಎಂದೆ.

ಆಮೇಲೆ ಕಾಲೇಜಿಗೆ ಹೋಗಲು ಅಂಜಿಕೆ, ಮನೆಯಲ್ಲಿರಲು ಅಂಜಿಕೆ. ಮುಖ್ಯವಾಗಿ ಮೇಡಮ್ಮರನ್ನು ನೋಡಲು ಅಂಜಿಕೆ, ಯಾಕೆಂದರೆ ಇದು ತಿಳಿಯುವವರು ಅವರೊಬ್ಬರೇ. ಆದರೂ ಒಂದು ಮಧ್ಯಾಹ್ನ ಲ್ಯಾಬಿಗೆ ಹೋದೆ. ಅವರು ಸ್ಲೈಡುಗಳನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದರು. ಬೇರೆ ಯಾರದೋ ಸಂಗತಿ ಎನ್ನುವ ಹಾಗೆ ಕೇಳಿದೆ: “ಮೇಡಂ, ಎಕ್ಸ್ ವೈ ಇದ್ದೂ ಹುಡುಗಿ ಆಗಿ ಹುಟ್ಟಾಕ ಬರ್ತದೇನ್ರಿ?”

“ಬರ್ತದ,” ಎಂದು ಅವರು ಸಹಜವಾಗಿ ಹೇಳಿ ತಲೆ ಎತ್ತಿದರು. ನನ್ನ ಮುಖ ನೋಡಿದರು. ಕೈಯಲ್ಲಿದ್ದ ಸ್ಲೈಡು ಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು. “ಕುಂಡ್ರು ತಂಗಿ,” ಎಂದರು. “ನನಗೂ ಕುಂಡ್ರಬೇಕಾಗ್ಯದ.”

ಅವರ ಮುಖ ಬಿಳಿಚಿಕೊಂಡಿದ್ದು ನೋಡಿ ನನಗೆ ಇನ್ನಷ್ಟು ಅಂಜಿಕೆಯಾಯಿತು. ಒಂದು ಸ್ಟೂಲು ಎಳೆದುಕೊಂಡು ಕೂತರು. ಆಮೇಲೆ, “ನಾ ಬೋರ್ಡಿನ ಮ್ಯಾಲೆ ಅಷ್ಟಕ್ಕs ಬಿಡಬಾರದಿತ್ತು,” ಎಂದರು. “ನನಗೂ ಎಲ್ಲಾ ಗೊತ್ತಿಲ್ಲ. ತಪ್ಪು ಹೇಳಿದ್ರ ಹೆಂಗ ಅಂತ ಹೆದರಿಕಿ. ಗೊತ್ತಿದ್ದದ್ದು ಈಗ ಹೇಳ್ತೀನಿ, ಉಳಿದದ್ದು ಓದಿ ಹೇಳ್ತೀನಿ.”

ನನ್ನ ರಿಪೋರ್ಟು ಇಸಿದುಕೊಂಡು ನೋಡಿ, ಗೊತ್ತಿದ್ದದ್ದನ್ನು ಸರಳವಾಗಿ ಹೇಳಿದರು. ವೈ ಇದ್ದುದರಿಂದ ನನ್ನ ಹೊಟ್ಟೆಯೊಳಗೆ ವೃಷಣದಂಥ ಗ್ರಂಥಿಗಳು ಆಗಿವೆ, ಅವು ಗಂಡು ಹಾರ್ಮೋನು ಮಾಡುತ್ತವೆ. ಆದರೆ ಮೈಯ ಜೀವಕೋಶಗಳಿಗೆ ಆ ಹಾರ್ಮೋನು ತಾಗುವುದೇ ಇಲ್ಲ, ತಾಗಿಸಿಕೊಳ್ಳುವ ಜೀನು ಕೆಟ್ಟಿದೆ. ಹಾಗಾಗಿ ಮೈ ಹೆಣ್ಣಿನ ದಾರಿಯಲ್ಲೇ ಬೆಳೆಯಿತು. ಗರ್ಭಚೀಲ ಮಾತ್ರ ಆಗಲಿಲ್ಲ. “ಆ ಜೀನು ಇರೋದು ಎಕ್ಸ್ ಮ್ಯಾಲೆ. ವೈ ಒಬ್ಬಂದೇ ಕಾರಭಾರ ಅಲ್ಲ ಇದು,” ಎಂದರು. ನಾನು ಅತ್ತಾಗ ಸಮಾಧಾನ ಮಾಡಲು ಅವರಿಗೆ ಬರಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, ನನ್ನ ಅಳು ಮುಗಿಯುವವರೆಗೆ ಪಕ್ಕದ ಸ್ಟೂಲಿನ ಮೇಲೆ ಕೂತರು.

ಮುಂದಿನ ರವಿವಾರ ಅವರು ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಬಂದರು. ಅವ್ವನಿಗೆ ಹೇಳಲು ನನ್ನಿಂದ ಆಗುವುದಿಲ್ಲ ಎಂದಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅರಳೆಯ ಮೂಟೆಗಳ ನಡುವೆ ಕೂತು ಅವರು ಹೇಳಿದರು. ನಡುನಡುವೆ ನೀರು ಕುಡಿದರು. ಈ ಜೀನು ತಾಯಿಯಿಂದ ಬಂದದ್ದು ಎನ್ನುವ ಮಾತಿಗೆ ಬಂದಾಗ ದನಿ ಸಣ್ಣದಾಯಿತು. ಅವ್ವ ತನ್ನನ್ನೇ ಬೈದುಕೊಂಡಾಳೆಂದು ಅಂಜಿದ್ದರು. “ಇದು ಯಾರ ತಪ್ಪೂ ಅಲ್ರಿ. ನಿಮಗ ಇದು ಇರೋದು ಗೊತ್ತಾಗೂದs ಇಲ್ಲ,” ಎಂದು ಎರಡೆರಡು ಸಲ ಹೇಳಿದರು.

ಅವ್ವ ಅಳಲಿಲ್ಲ. ಸೆರಗಿನ ತುದಿ ಸುತ್ತುತ್ತ ಕೂತವಳು, “ಬಾಯಾರ, ನನ್ನ ಕಡಿಂದ ಬಂದದ್ದಂದ್ರ, ನನ್ನ ತಂಗೀಗೂ ಬಂದಿರಬಹುದೇನ್ರಿ?” ಎಂದು ಮೇಡಮ್ಮರನ್ನು ಕೇಳಿದಳು.

ಅವ್ವನ ತಂಗಿ, ನನ್ನ ಚಿಗವ್ವ, ಹಮ್ಮಿಗಿಯಲ್ಲಿದ್ದಳು. ಹಿಂದೆ ಮುಂಡರಗಿಗೆ ಕೊಟ್ಟಿದ್ದರು. ಅವಳೂ ಮುಟ್ಟಾಗಿರಲಿಲ್ಲ. ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು. ಮಕ್ಕಳಾಗಲಿಲ್ಲವೆಂದು ಕಂಡ ಕಂಡ ದರ್ಗಾಕ್ಕೆ ಅಡ್ಡಾಡಿಸಿ, ನಾಟಿ ಔಷಧ ಕುಡಿಸಿ, ಕೊನೆಗೆ ಗಂಡ ತಲಾಕ್ ಕೊಟ್ಟು ಇನ್ನೊಬ್ಬಳನ್ನು ಮಾಡಿಕೊಂಡ. ಅಂದಿನಿಂದ ತವರಿನ ಹಿತ್ತಿಲ ಕೋಣೆಯಲ್ಲಿ ಒಬ್ಬಳೇ ಇದ್ದು, ಉಳ್ಳಾಗಡ್ಡಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಯಾರದಾದರೂ ಸೀಮಂತದ ಕುಬಸ ಇದ್ದ ದಿನ, ಬಸುರಿಯ ಕಣ್ಣಿಗೆ ಬೀಳಬಾರದೆಂದು ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮೇಡಂ ಕೇಳಿದರು, “ವಯಸ್ಸೆಷ್ಟು ಅವರಿಗೆ?”

“ಐವತ್ತರ ಸನೇಕ ಬಂದಾಳ್ರಿ.”

“ಹೊಟ್ಟಿನೋವು ಏನರ ಅಂತಾರೇನು?”

ಅವ್ವ ಒಂದು ಕ್ಷಣ ಮೇಡಮ್ಮರನ್ನೇ ನೋಡಿದಳು. “ಅಂತಾಳ್ರಿ. ಕಿಬ್ಬೊಟ್ಟಿ ಬಿಗಿತೈತಿ ಅಂತಾಳ. ವರ್ಷಾತು. ತೋರಸಂದ್ರ ಒಲ್ಲೆ ಅಂತಾಳ.”

ಮೇಡಂ ಎದ್ದು ನಿಂತುಬಿಟ್ಟರು. ಹೊಟ್ಟೆಯೊಳಗೆ ಉಳಿದ ಆ ಗ್ರಂಥಿಗಳು ವಯಸ್ಸಾದಂತೆ ಗಡ್ಡೆಯಾಗಬಹುದು, ಕೆಟ್ಟ ಗಡ್ಡೆಯೂ ಆಗಬಹುದು ಎಂದು ಅವರು ಅದೇ ವಾರ ಓದಿದ್ದರು. ನನಗೆ ಅದನ್ನು ಹೇಗೆ ಹೇಳಲಿ ಎಂದು ತಡೆದುಕೊಂಡಿದ್ದರು. ಈಗ ಹೇಳಬೇಕಾಯಿತು.

ಹಮ್ಮಿಗಿಗೆ ನಾವು ಮೂವರೂ ಹೋದೆವು. ಮೇಡಂ ಮುಂಡರಗಿಯವರೆಗೆ ಡ್ರೈವರನ ಹಿಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಅಲ್ಲಿಂದ ಮುಂದೆ ಟಂಟಂ ಗಾಡಿ. ಊರು ಮುಟ್ಟುವಾಗ ಹೊಳೆಯ ಆ ದಂಡೆಯ ಮೇಲೆ ಮೋಡ ಕಪ್ಪಾಗುತ್ತಿತ್ತು. ಚಿಗವ್ವ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಅವ್ವ ಮಾತು ತೆಗೆದದ್ದೇ ತಡ, “ಡಾಕ್ಟರು” ಎನ್ನುವ ಶಬ್ದ ಕೇಳಿ ಅವಳ ಮುಖ ಬಿಗಿಯಿತು.

“ನನ್ನ ಹೊಟ್ಟಿ ಎಲ್ಲಾರೂ ನೋಡಿ ಮುಗದೈತಿ,” ಎಂದಳು. “ಇನ್ನ ಯಾರಿಗೂ ತೋರಸೂದಿಲ್ಲ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವ್ವ ಬಾಗಿಲ ಹೊರಗೆ ನಿಂತು ಬೇಡಿಕೊಂಡಳು. ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಮಳೆ ಬಂತು. ಕಟ್ಟೆಯ ಮೇಲಿನ ತಗಡು ಹಾರಿಹೋಗುವ ಹಾಗೆ ಗಾಳಿ. ಹೊಳೆಯ ಕಡೆಯಿಂದ ಒಂದು ಗುಡುಗು ಬಂತು, ನೆಲ ಅದುರಿತು. ಮೇಡಂ ಕಟ್ಟೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕಿವಿ ಮುಚ್ಚಿಕೊಂಡು, ಸಣ್ಣ ದನಿಯಲ್ಲಿ ಏನೋ ಗೊಣಗತೊಡಗಿದರು. ಎರಡನೇ ಗುಡುಗಿಗೆ ಅವರ ಬಾಯಿಂದ ಬಂದ ದನಿ ಮಗುವಿನದಾಗಿತ್ತು. ನನಗೂ ಅವ್ವನಿಗೂ ಏನು ಮಾಡಬೇಕೋ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಚಿಗವ್ವ ಹೊರಗೆ ಇಣುಕಿ, “ಯಾರಿಕಿ?” ಎಂದು ಅವ್ವನನ್ನು ಕೇಳಿದಳು. “ಇಷ್ಟು ಓದಿದಾಕಿ ಗುಡುಗಿಗೆ ಅಂಜ್ತಾಳಲ್ಲ.” ಆಮೇಲೆ ಬಂದು ಮೇಡಮ್ಮರ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು. ಕೌದಿ ಹೊದಿಸಿದಳು, ತಲೆಯ ಮೇಲೂ ಎಳೆದಳು. ಒಲೆ ಹೊತ್ತಿಸಿ ಚಹಾಕ್ಕೆ ಇಟ್ಟಳು. “ಇದು ಹೊಳಿ ದಂಡಿ ಗುಡುಗು ರೀ ಬಾಯಾರ, ಸಪ್ಪಳಾ ಜಾಸ್ತಿ. ಇಲ್ಲೇ ಕುಂಡ್ರಿ.”

ಕೌದಿಯೊಳಗಿನಿಂದಲೇ ಮೇಡಂ ಹೇಳತೊಡಗಿದರು. ಗುಡುಗಿದಾಗ ನಿಲ್ಲಿಸುವರು, ತಗ್ಗಿದಾಗ ಮುಂದುವರಿಸುವರು. ಮೊದಲು ನನ್ನ ಸಂಗತಿ. ಆಮೇಲೆ, ಚಿಗವ್ವನಿಗೂ ಹೀಗೇ ಇರಬಹುದು ಎನ್ನುವುದು. ನಾಟಿ ಔಷಧದಿಂದ ಆಗುವಂಥದ್ದಲ್ಲ, ಯಾರ ಕಣ್ಣೂ ಅಲ್ಲ, ಯಾವ ಪಾಪವೂ ಅಲ್ಲ. ತಾಯಿಯ ಹೊಟ್ಟೆಯಲ್ಲೇ ಆದದ್ದು.

ಚಹಾ ಉಕ್ಕಿ ಒಲೆಗೆ ಚೆಲ್ಲಿತು. ಚಿಗವ್ವ ಅದನ್ನು ನೋಡಲಿಲ್ಲ. “ಹಂಗಂದ್ರ ನಾ ಏನ್ರಿ?” ಎಂದಳು. “ಒಳಗ ಇರೋದು ಗಂಡಿಂದು ಅಂತೀರಿ.”

“ನೀವು ಹೆಣ್ಣಮಗಳು.”

“ಅದ್ಹೆಂಗ್ರಿ?”

ಆಗ ಮೇಡಂ ಕೌದಿಯಿಂದ ಮುಖ ಹೊರಗೆ ಹಾಕಿದರು. ದೂರದ ದೇಶದಲ್ಲಿ ಹೊಟ್ಟೆಗೆ ಚೀಲ ಇರುವ ಪ್ರಾಣಿಗಳಿವೆ ಎಂದರು. ಅದರಲ್ಲಿ ವಾಲಬಿ ಎಂಬ ಸಣ್ಣ ಕಾಂಗರೂ. ಗಂಡು ವಾಲಬಿಗೆ ಒಂದು ಎಕ್ಸ್, ಒಂದು ವೈ, ಚೀಲ ಇರುವುದಿಲ್ಲ. ಎಂದಾದರೊಮ್ಮೆ ಎರಡು ಎಕ್ಸ್, ಮೇಲೊಂದು ವೈ ಇರುವುದು ಹುಟ್ಟುತ್ತದೆ. ಅದರ ಹೊಟ್ಟೆಯೊಳಗೆ ವೃಷಣ ಇರುತ್ತವೆ, ಹೊರಗೆ ಮರಿ ಹೊರುವ ಚೀಲ. ವೈ ತನ್ನ ಒಂದು ಕೆಲಸ ಮಾಡಿತು, ಚೀಲ ಕೊಡುವುದೋ ಬೇಡವೋ ಎನ್ನುವುದು ಎಕ್ಸುಗಳ ಲೆಕ್ಕದ ಮೇಲೆ ಹೋಯಿತು. “ನಮ್ಮದು ಆ ಲೆಕ್ಕ ಅಲ್ಲ, ಬ್ಯಾರೆ ಅದ. ಆದ್ರ ಅವಕ್ಕೂ ನಮಗೂ ವೈ ಒಂದs ಮೂಲದ್ದು. ಒಂದು ಮೈ ಆಗ್ಲಿಕ್ಕೆ ಭಾಳ ಜೀನು ಕೂಡಬೇಕು. ವೈ ಅದ ಅಂದಮಾತ್ರಕ್ಕ ಗಂಡು ಅಂತ ಮೈ ಬರಕೊಡೂದಿಲ್ಲ.”

ಚಿಗವ್ವ ಚೆಲ್ಲಿದ ಚಹಾ ಒರೆಸತೊಡಗಿದಳು. “ಆ ಪ್ರಾಣೀನ ಉಳಿದುವು ತಮ್ಮ ಗುಂಪಿನಾಗ ಇಟ್ಕೊಂಡ್ವೇನ್ರಿ, ಹೊರಗ ಹಾಕಿದ್ವೇನ್ರಿ?”

ಯಾರಾದರೂ ಆ ಹೊತ್ತಿಗೆ ಒಂದು ಚಲೋ ಸುಳ್ಳು ಹೇಳುತ್ತಿದ್ದರು. ಮೇಡಂ ಹೇಳಲಿಲ್ಲ. “ಗೊತ್ತಿಲ್ರಿ,” ಎಂದರು. “ಅದನ್ನ ಯಾರೂ ನೋಡಿಲ್ಲಂತ ಕಾಣ್ತದ. ಮೈ ಅಷ್ಟs ನೋಡ್ಯಾರ.”

“ಅದನ್ನ ನೋಡಬೇಕಾಗಿತ್ತು,” ಎಂದಳು ಚಿಗವ್ವ. ಆಮೇಲೆ ಅವಳಿಗೆ ಅಳು ಬಂತು. ಅವ್ವ ಅವಳನ್ನು ಅಪ್ಪಿಕೊಂಡಳು. ಅಕ್ಕತಂಗಿಯರು ಹಾಗೆ ಅತ್ತದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಹುಬ್ಬಳ್ಳಿಗೆ ಹೋಗಲು ಅವಳು ಒಪ್ಪಿದಳು, ಆದರೆ ಅಂಜಿಕೆ ಹೋಗಿರಲಿಲ್ಲ. ಸ್ಕ್ಯಾನಿನ ಕೋಣೆಯ ಬಾಗಿಲಲ್ಲಿ ಎರಡು ಸಲ ವಾಪಸ್ಸು ತಿರುಗಿದಳು. ಒಂದು ಕಡೆ ಗಡ್ಡೆ ಬೆಳೆದಿತ್ತು. ಆಪರೇಷನ್ನಿನ ದಿನ ಹೊರಗಿನ ಬೆಂಚಿನ ಮೇಲೆ ಅವ್ವ, ನಾನು, ಮೇಡಂ ಕೂತಿದ್ದೆವು. ಮೇಡಂ ಒಮ್ಮೆ ಎದ್ದು ಹೋಗಿ ವಾಂತಿ ಮಾಡಿಕೊಂಡು ಬಂದರು. ನನಗೋ, ಚಿಗವ್ವನ ಒಳಗಿನದು ನನ್ನ ಒಳಗೂ ಇದೆ ಎನ್ನುವ ಯೋಚನೆಯೊಂದೇ. ಡಾಕ್ಟರು ಹೊರಗೆ ಬಂದು ಮಾಸ್ಕು ಕೆಳಗಿಳಿಸಿದರು. ಗಡ್ಡೆ ತೆಗೆದಿದ್ದೇವೆ, ಪರೀಕ್ಷೆಗೆ ಕಳಿಸಬೇಕು ಎಂದರು. ಆ ಫಲಿತಾಂಶಕ್ಕೂ ಕಾದೆವು. ಗಡ್ಡೆ ಕೆಡಲು ಶುರುವಾಗಿತ್ತು, ಹಬ್ಬಿರಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಎನ್ನುವ ಮಾತನ್ನು ಡಾಕ್ಟರು ಅರ್ಧಕ್ಕೇ ಬಿಟ್ಟರು. ಮುಂದಿನ ವರ್ಷ ನನ್ನ ಆಪರೇಷನ್ನೂ ಆಯಿತು.

ಶಿರಹಟ್ಟಿಯವರಿಗೆ ಅವ್ವ, ಹುಡುಗಿ ಇನ್ನೂ ಓದಬೇಕಂತಾಳೆ ಎಂದು ಹೇಳಿ ಕಳಿಸಿದಳು. ಅಪ್ಪನಿಗೆ ಅವ್ವ ಹೇಗೆ ಹೇಳಿದಳೋ ತಿಳಿಯದು. ಅವನು ಆ ದಿನ ಊಟಕ್ಕೂ ಬರದೆ ಅರಳೆ ಹಿಂಜಿದ. ಸಂಜೆ ಬಂದು, ನಾಳೆ ಕಾಲೇಜು ಐತೇನವ್ವಾ ಎಂದು ಕೇಳಿದ. ನಾನು ಓದು ಮುಗಿಸಿ ಈಗ ಗದಗಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿದ್ದೇನೆ. ದಿನಾ ಹಾರ್ಮೋನಿನ ಒಂದು ಗುಳಿಗೆ ನುಂಗುತ್ತೇನೆ. ಹೊಸ ಡಾಕ್ಟರ ಮುಂದೆ ಕೂತು ಮೊದಲಿಂದ ಹೇಳಬೇಕಾದಾಗ ಈಗಲೂ ಬಾಯಿ ಒಣಗುತ್ತದೆ.

ಮೇಡಂ ಆಮೇಲೆ ಆ ಪಾಠ ಹೇಳುವ ರೀತಿ ಬದಲಾಯಿಸಿದರೆಂದು ನನ್ನ ನಂತರದ ವರ್ಷದವರು ಹೇಳುತ್ತಿದ್ದರು. ಬೆಲ್ ಬಾರಿಸಿದ ಮೇಲೂ ಅವರು ಬೋರ್ಡಿನ ಮುಂದೆ ನಿಂತು, “ಇಷ್ಟಕ್ಕs ಮುಗೀಲಿಲ್ಲ. ಯಾರಿಗರ ಏನರ ಕೇಳೋದಿದ್ರ ಲ್ಯಾಬಿಗೆ ಬರ್ರಿ. ಯಾರ ಮುಂದೂ ಹೇಳೂದಿಲ್ಲ,” ಎನ್ನುತ್ತಿದ್ದರಂತೆ. ಯಾರು ಹೋದರೋ ಇಲ್ಲವೋ ನನಗೆ ತಿಳಿಯದು. ಹೋಗಿದ್ದರೂ ಮೇಡಂ ಹೇಳಿರುತ್ತಿರಲಿಲ್ಲ.

ನಿವೃತ್ತಿಯಾದ ಕೆಲವು ವರ್ಷಕ್ಕೆ ಅವರಿಗೆ ಕಾಯಿಲೆ ಬಂತು. ವಾಸಿಯಾಗದ್ದು. ಹತ್ತಿರದವರು ಯಾರೂ ಊರಲ್ಲಿರಲಿಲ್ಲ. ನಾನು ಕೆಲಸದ ಮೊದಲೂ ಆಮೇಲೂ ಆಸ್ಪತ್ರೆಗೆ ಹೋಗುತ್ತಿದ್ದೆ. ಸುದ್ದಿ ತಿಳಿದ ಚಿಗವ್ವ ಹಮ್ಮಿಗಿಯಿಂದ ಒಂದು ಕೈಚೀಲ ಹಿಡಿದು ಬಂದವಳು ಅಲ್ಲೇ ಉಳಿದುಬಿಟ್ಟಳು. ನರ್ಸುಗಳಿಗೆ ಅವಳು ಯಾರೆಂದು ತಿಳಿಯಲಿಲ್ಲ. ಹೇಳಿ ಸಾಕಾಗಿ ಮೇಡಮ್ಮರ ಅಕ್ಕ ಎಂದುಬಿಟ್ಟೆ.

ಮೇಡಮ್ಮರಿಗೆ ಎಲ್ಲ ಗೊತ್ತಿತ್ತು. “ನನಗ ಭಾಳ ಅಂಜಿಕಿ ಆಗ್ಲಿಕ್ಕತ್ತದ,” ಎನ್ನುತ್ತಿದ್ದರು. ನೋಡಲು ಬಂದವರೆಲ್ಲ ಅಂಜಬೇಡಿ, ಏನೂ ಆಗೂದಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಚಿಗವ್ವ ಒಂದು ದಿನವೂ ಹಾಗೆ ಹೇಳಲಿಲ್ಲ. ಸ್ಟೂಲು ಹತ್ತಿರ ಎಳೆದುಕೊಂಡು, “ಯಾತಕ್ಕ ಅಂಜಿಕಿ ಅಂತ ಹೇಳ್ರಿ, ಕೇಳ್ತೀನಿ,” ಎನ್ನುತ್ತಿದ್ದಳು. ಮೇಡಂ ಹೇಳುತ್ತಿದ್ದರು. ಸೂಜಿ, ಉಸಿರು ಕಟ್ಟುವುದು, ಕಣ್ಣು ಮುಚ್ಚಿದರೆ ತೆರೆಯಲಿಕ್ಕಿಲ್ಲ ಎನ್ನುವುದು. ಚಿಗವ್ವ ಪೂರ್ತಿ ಕೇಳಿ, “ಹೌದ್ರಿ, ಅಂಜಿಕಿ ಬರುವಂಥದ್ದs,” ಎನ್ನುತ್ತಿದ್ದಳು. ಅಷ್ಟು ಹೇಳಿದ ಮೇಲೆ ಮೇಡಂ ಸ್ವಲ್ಪ ನಿದ್ದೆ ಹೋಗುತ್ತಿದ್ದರು.

ಅವರು ಹೋದದ್ದು ಮಧ್ಯಾಹ್ನ. ನನಗೆ ಫೋನು ಬಂದು, ಲ್ಯಾಬಿನಿಂದ ಓಡಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನರ್ಸು ಕೊಳವೆಗಳನ್ನೆಲ್ಲ ತೆಗೆದು, ಮುಖದ ಮೇಲೆ ಬಟ್ಟೆ ಎಳೆದು ಹೋಗಿದ್ದಳು. ಚಿಗವ್ವ ಮಾತ್ರ ಸ್ಟೂಲಿನ ಮೇಲೆ ಹಾಗೇ ಕೂತಿದ್ದಳು. ಬಟ್ಟೆಯ ಕೆಳಗಿನಿಂದ ಮೇಡಮ್ಮರ ಕೈ ಹಿಡಿದುಕೊಂಡಿದ್ದಳು. ಬಿಡು ಚಿಗವ್ವ ಎಂದೆ. ಅವಳು ಬಿಡಲಿಲ್ಲ.

“ಅಂಜಿಕಿ ಪೂರಾ ಹೋಗೇತೋ ಇಲ್ಲೋ ಗೊತ್ತಾಗವಲ್ದು,” ಎಂದಳು. “ಇನ್ನೊಂದೀಟು ಹೊತ್ತು ಕುಂಡ್ರತೀನಿ.”